ಎಳ್ಳ ಅಮಾವಾಸ್ಯೆ, ಐಹೊಳೆ ದಾರಿ

19 ಡಿಸೆಂಬರ್ 2025, ಶುಕ್ರವಾರ
ಬಾದಾಮಿ, ರಾತ್ರಿ

ಇಳಕಲ್‌ನಿಂದ ಹೊರಟಾಗ ಬಿಸಿಲು ಇನ್ನೂ ಏರಿರಲಿಲ್ಲ. ಹೊರಡುವ ಮುಂಚೆ ಅವ್ವ ಕಾರಿಗೆ ಕುಂಕುಮ ಹಚ್ಚಿ, ನಾಲ್ಕೂ ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟಳು. "ಅಮಾಸಿ ದಿನ ಪೂಜಿ ಮಾಡ್ಲಾರದ ಗಾಡಿ ಹೊರಗ ತಗೀಬಾರದು" ಅಂತ ಹೇಳಿ ಲಾಡ್ಜ್ ಹುಡುಗನ ಹತ್ತಿರ ಒಂದು ತಂಬಿಗೆ ನೀರೂ ಕೇಳಿ ತಂದಿದ್ದಳು. ಲಿಂಬೆಹಣ್ಣು ಮನೆಯಿಂದಲೇ ಬಂದಿತ್ತು. ಇಂಡಿ ಲಿಂಬೆ ಬೆಳೆಯುವ ಜಿಲ್ಲೆಯವರು ನಾವು, ಅದನ್ನು ಇನ್ನೊಂದು ಊರಲ್ಲಿ ಕೊಂಡುಕೊಳ್ಳುವುದು ಅವ್ವನಿಗೆ ಸೇರಲ್ಲ.

ಇದನ್ನು ಓದುವವರಿಗೆ ಸ್ವಲ್ಪ ಹಿಂದಿನದು ಹೇಳಿಬಿಡುತ್ತೇನೆ. ಅಕ್ಟೋಬರ್‌ನಲ್ಲಿ ನಾನು ಕೆಲಸ ಮಾಡುತ್ತಿದ್ದ ಬೆಂಗಳೂರಿನ ಕಂಪನಿ ನಮ್ಮ ಇಡೀ ಟೀಮನ್ನೇ ಮುಚ್ಚಿತು. ರೂಮ್ ಖಾಲಿ ಮಾಡಿ ವಿಜಯಪುರಕ್ಕೆ ಬಂದೆ. ಅರ್ಜಿ ಹಾಕುವುದು, ಇಂಟರ್‌ವ್ಯೂ ಕೊಡುವುದು ನಡೆದೇ ಇದೆ. ಒಂದು ಕಡೆ ಮುಂದಿನ ಮಂಗಳವಾರ ಎರಡನೇ ಸುತ್ತಿದೆ. ಅಲ್ಲಿವರೆಗೆ ಮನೆಯಲ್ಲಿ ಕೂತು ಫೋನ್ ನೋಡುತ್ತಾ ಇರಲು ಆಗಲಿಲ್ಲ. "ಅವ್ವಾ, ನಡಿ, ಎಲ್ಲಾದ್ರೂ ಹೋಗಿ ಬರೂಣು" ಅಂದೆ. "ಎಲ್ಲಿಗೆ?" "ಗೊತ್ತಿಲ್ಲ. ಮೊದಲು ಹೊಳಿ ದಾಟೂಣು."

ಗಟ್ಟಿಯಾಗಿ ಎರಡೇ ಮಾತು ಆಗಿತ್ತು. ಸೋಮವಾರದೊಳಗೆ ಮನೆ ಮುಟ್ಟಬೇಕು. ಕತ್ತಲಾದ ಮೇಲೆ ಗಾಡಿ ಓಡಿಸಬಾರದು. ಇದು ಕಬ್ಬಿನ ಸುಗ್ಗಿ. ಒಂದರ ಹಿಂದೆ ಒಂದು ಟ್ರೇಲರ್ ಕಟ್ಟಿಕೊಂಡು ಹೋಗುವ ಟ್ರ್ಯಾಕ್ಟರ್‌ಗಳಿಗೆ ಹಿಂದೆ ದೀಪ ಇರುವುದು ಅಪರೂಪ. ಈ ಕಡೆ ಬರುವವರು ಡಿಸೆಂಬರ್‌ನಲ್ಲಿ ಇದನ್ನು ದಯವಿಟ್ಟು ನೆನಪಿಡಿ. ಉಳಿದದ್ದೆಲ್ಲ ದಾರಿಗೆ ಬಿಟ್ಟದ್ದು.

ಮೊದಲು ನಿಂತದ್ದು ಆಲಮಟ್ಟಿಯಲ್ಲಿ. ನಾನು ಗಾರ್ಡನ್ ನೋಡೋಣ ಅಂದುಕೊಂಡಿದ್ದೆ. ಅವ್ವ ನೀರು ನೋಡುತ್ತಾ ನಿಂತುಬಿಟ್ಟಳು. ಅವಳ ತವರು ಹಳೇ ಬಾಗಲಕೋಟೆ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟ ಈ ಆಣೆಕಟ್ಟಿನ ಹಿನ್ನೀರು ಅವಳ ಓಣಿಯನ್ನು ತೆಗೆದುಕೊಂಡಿತು. ಅಜ್ಜಿ ಊರು ಮುಳುಗಿದವರಿಗಾಗಿ ಕಟ್ಟಿದ ನವನಗರಕ್ಕೆ ಹೋದಳು. ಅಲ್ಲಿ ಓಣಿಗೆ ಹೆಸರಿಲ್ಲ, ಸೆಕ್ಟರ್ ನಂಬರ್ ಇದೆ. ಗೇಟಿನ ಮಟ್ಟ ಈಗ 519.6 ಮೀಟರ್. ಅದನ್ನು 524ಕ್ಕೆ ಏರಿಸುವ ಮಾತು ಪೇಪರಿನಲ್ಲಿ ಬಂದಾಗಲೆಲ್ಲ ಅವ್ವ ಕನ್ನಡಕ ಹಾಕಿಕೊಂಡು ಪೂರ್ತಿ ಓದುತ್ತಾಳೆ. ವಿಜಯಪುರದ ಹೊಲಗಳಿಗೆ ಕಾಲುವೆ ಬಂದದ್ದು ಇದೇ ನೀರಿನಿಂದ, ಅದೂ ಅವಳಿಗೆ ಗೊತ್ತು. ಎರಡನ್ನೂ ಒಟ್ಟಿಗೇ ಹೇಳುತ್ತಾಳೆ, ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಿದ್ದು ನಾನು ಕೇಳಿಲ್ಲ.

ಅಲ್ಲಿಂದ ಕೂಡಲಸಂಗಮ. ಬಸವಣ್ಣನವರ ಐಕ್ಯ ಮಂಟಪಕ್ಕೆ ನಾರಾಯಣಪುರ ಡ್ಯಾಮಿನ ಹಿನ್ನೀರು ಬರಬಾರದು ಅಂತ ಸುತ್ತ ಬಾವಿಯ ಹಾಗೆ ಗೋಡೆ ಕಟ್ಟಿದ್ದಾರೆ. ಮೆಟ್ಟಿಲು ಇಳಿದು ಕೆಳಗೆ ಹೋಗಬೇಕು. ಅವ್ವ ಮೊಣಕಾಲು ಹಿಡಿದುಕೊಂಡೇ ಇಳಿದಳು, ಮೇಲೆ ಬರಲು ಅವಸರ ಮಾಡಲಿಲ್ಲ.

ನಿನ್ನೆ ಪೂರ್ತಿ ಇಳಕಲ್‌ಗೆ ಹೋಯಿತು. ಅರ್ಧ ಗಂಟೆ ಅಂದುಕೊಂಡು ಇಳಿದದ್ದು. ಒಂದು ಮನೆಯ ಪಡಸಾಲೆಯಲ್ಲಿ ಮಗ್ಗದ ಸಪ್ಪಳ ಕೇಳಿ ಅವ್ವ ಸೀದಾ ಒಳಗೆ ಹೋದಳು. ನೇಯುವವರು ಕುಣಿಯೊಳಗೆ ಕಾಲಿಳಿಬಿಟ್ಟು ಕೂತಿದ್ದರು. ನಾನು ಮಗ್ಗದ ಮುಂದೆ ನಿಂತರೆ, ಅವ್ವ ಪಕ್ಕದಲ್ಲಿ ಕೊಂಡಿ ಹಾಕುತ್ತಿದ್ದ ಹೆಣ್ಣುಮಗಳ ಹತ್ತಿರ ಕೂತಳು.

ಇಳಕಲ್ ಸೀರೆ ಉಟ್ಟವರಿಗೂ ಎಷ್ಟೋ ಜನಕ್ಕೆ ಇದು ಗೊತ್ತಿರಲ್ಲ. ಸೀರೆಯ ಮೈಗೆ ಒಂದು ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ಎಳೆಗಳು, ಸೆರಗಿಗೆ ಬೇರೆ ಹಾಸು. ಮೈ ಹತ್ತಿಯದಾಗಿದ್ದರೂ ಸೆರಗಿನದು ರೇಷ್ಮೆ. ಎರಡನ್ನೂ ಸೇರಿಸುವುದು ಕೊಂಡಿಯಲ್ಲಿ. ಮೈಯ ಎಳೆಯ ಕುಣಿಕೆಯೊಳಗೆ ಸೆರಗಿನ ಎಳೆ ಹೋಗಬೇಕು, ಹೀಗೆ ಸೀರೆಯ ಅಗಲದುದ್ದಕ್ಕೂ ಒಂದೊಂದೇ ಎಳೆ. ಒಂದು ಸೀರೆಗೆ ಮಾಡಿದ ಹಾಸು ಆ ಸೀರೆಗೇ ಮುಗಿಯುತ್ತೆ, ಮುಂದಿನದಕ್ಕೆ ಮತ್ತೆ ಮೊದಲಿನಿಂದ. ಆಕೆಯ ಬೆರಳು ಎಳೆಯನ್ನು ಎತ್ತುವುದು, ದಾಟಿಸುವುದು, ಎಳೆದು ಬಿಗಿ ನೋಡುವುದು ನನ್ನ ಕಣ್ಣಿಗೆ ಸಿಗಲೇ ಇಲ್ಲ, ಅಷ್ಟು ಚುರುಕು. ನಡುನಡುವೆ ಅವ್ವನ ಜೊತೆ ಮಗಳ ಮದುವೆ ಮಾತು ಬೇರೆ. "ಎಳಿ ತಪ್ಪಂಗಿಲ್ಲೇನ್ರಿ?" ಅಂತ ಅವ್ವ ಕೇಳಿದಳು. "ತಪ್ಪಿದ್ರ ಕೈಗೇ ಗೊತ್ತಾಕ್ಕೇತ್ರಿ" ಅಂದರು.

ಇಂಥ ಕೈಕೆಲಸಕ್ಕೆ ಸಿಗುವ ಕೂಲಿ ಕೇಳಿ ನನಗೆ ನಿಜಕ್ಕೂ ಸಂಕಟವಾಯಿತು. ಪವರ್‌ಲೂಮ್ ಸೀರೆ ಅದೇ ಹೆಸರಿನಲ್ಲಿ ಅಂಗಡಿಯಲ್ಲಿ ಅರ್ಧ ಬೆಲೆಗೆ ಸಿಗುತ್ತೆ. ಕೈಮಗ್ಗದ್ದೇ ಬೇಕಿದ್ದರೆ ಮಗ್ಗದ ಮನೆಗೆ ಹೋಗಿ ಕೊಳ್ಳಿ. ಅವ್ವ ದಾಳಿಂಬೆ ಬಣ್ಣದ್ದು, ತೋಪು ತೆನಿ ಸೆರಗಿನದು ತೆಗೆದುಕೊಂಡಳು. ಸಂಬಳ ಇಲ್ಲದ ತಿಂಗಳು ಅಂತ ನಾನು ಯೋಚಿಸುವುದರೊಳಗೆ ತನ್ನ ಪರ್ಸಿನಿಂದ ದುಡ್ಡು ಎಣಿಸಿಬಿಟ್ಟಿದ್ದಳು.

ಇವತ್ತು ಹುನಗುಂದ ದಾಟಿ ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡು ಐಹೊಳೆಯ ಕಡೆ ತಿರುಗಿದೆವು. ರಸ್ತೆಯ ಎರಡೂ ಬದಿ ಬಿಳಿಜೋಳ, ಕಡಲೆ. ಊರೆಲ್ಲ ಹೊಲದಲ್ಲೇ ಇತ್ತು. ಟ್ರ್ಯಾಕ್ಟರ್ ತುಂಬಾ ಹೆಂಗಸರು, ಮಕ್ಕಳು, ಬುಟ್ಟಿ. ಒಂದು ಕಡೆ ಎತ್ತಿನ ಬಂಡಿಯೂ ಕಂಡಿತು, ಎತ್ತಿನ ಕೋಡಿಗೆ ಬಣ್ಣ ಹಚ್ಚಿದ್ದರು. ಫೋಟೋ ತೆಗೆಯೋಣ ಅಂತ ಬದಿಗೆ ನಿಲ್ಲಿಸಿದೆ, ಅಷ್ಟೇ. ಬನ್ನಿ ಗಿಡದ ಕೆಳಗಿನಿಂದ ಒಬ್ಬ ಹಿರಿಯರು ಕೂಗಿದರು. "ಯವ್ವಾ, ಅಲ್ಯಾಕ ನಿಂತ್ರಿ? ಬರ್ರಿ, ಚರಗಾ ಚೆಲ್ಲೂದೈತಿ, ಉಂಡ ಹೋಗ್ರಿ."

ಎಳ್ಳ ಅಮಾವಾಸ್ಯೆ ದಿನ ಹೊಲಕ್ಕೆ ಕರೆದರೆ ಒಲ್ಲೆ ಅನ್ನಬಾರದು. ಅವ್ವ ಆಗಲೇ ಬಾಗಿಲು ತೆಗೆದಿದ್ದಳು.

ಗಿಡದ ಬುಡದಲ್ಲಿ ಐದು ಕಲ್ಲು. ಸುಣ್ಣ ಬಳಿದು, ಕುಂಕುಮ ಇಟ್ಟು ಪಾಂಡವರನ್ನು ಮಾಡಿದ್ದರು. ಪೂಜೆ ಆದ ಮೇಲೆ ಮನೆಯ ಯಜಮಾನರು ಎಲ್ಲ ಅಡುಗೆಯನ್ನೂ ಸ್ವಲ್ಪ ಸ್ವಲ್ಪ ಬುಟ್ಟಿಗೆ ಹಾಕಿಕೊಂಡು "ಹುಲ್ಲುಲ್ಲಿಗೋ" ಅಂತ ಕೂಗುತ್ತಾ ಬೆಳೆಯ ಮೇಲೆ ಚೆಲ್ಲುತ್ತಾ ನಡೆದರು. ಹಿಂದೆ ತಂಬಿಗೆ ನೀರು ಹಿಡಿದ ಮಗ "ಚಲ್ಲಂಬ್ರಿಗೋ" ಅನ್ನುತ್ತಾ ನೀರು ಚಿಮುಕಿಸಿದ. ಹೊಲದ ನಾಲ್ಕೂ ಬದಿ ಸುತ್ತಿ ಬಂದರು. ಇದೇ ಚರಗ ಚೆಲ್ಲುವುದು. ಭೂಮಿತಾಯಿ ಉಂಡ ಮೇಲೆ ನಮ್ಮ ಊಟ.

ಏನೇನಿತ್ತು ಅಂತ ಬರೆದಿಡಲೇಬೇಕು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ಕಡುಬು, ಎಣ್ಣೆಗಾಯಿ, ಪುಂಡಿಪಲ್ಯ, ಕಾಳುಪಲ್ಯ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಶೇಂಗಾ ಹೋಳಿಗೆ, ಗಟ್ಟಿ ಮೊಸರು. ಕರಿಂಡಿ ಬೇರೆಯೇ ಒಂದು ಲೋಕ. ಹಸಿಮೆಣಸಿನಕಾಯಿ, ಗಜ್ಜರಿ, ಸೌತೆಕಾಯಿ ಹಾಕಿ ಹುಳಿ ಬರಲು ಇಟ್ಟದ್ದು, ಸಾಸಿವೆಯ ಘಾಟು ಮೂಗಿಗೆ ಹತ್ತುತ್ತೆ. ಬೆಂಗಳೂರಿನಲ್ಲಿ ಇದ್ದಷ್ಟು ವರ್ಷ ಇದರ ರುಚಿ ನೋಡಿರಲಿಲ್ಲ. ಈ ಹಬ್ಬಕ್ಕೆ ಯಾವ ಆಫೀಸೂ ರಜೆ ಕೊಡಲ್ಲ.

ಬಡಿಸುತ್ತಿದ್ದ ಅಜ್ಜಿ ಅವ್ವನನ್ನು ಕೇಳಿದರು. "ತಂಗಿ ಏನ್ ನೌಕರಿ ಮಾಡ್ತಾಳ್ರಿ?"

ನಾನು ತಟ್ಟೆ ನೋಡುತ್ತಾ ಕೂತೆ. ಎರಡು ತಿಂಗಳಿಂದ ಸಂಬಂಧಿಕರು ಯಾರು ಕೇಳಿದರೂ ಅವ್ವ "ರಜಾ ಮ್ಯಾಲ ಬಂದಾಳ" ಅಂತಲೇ ಹೇಳುತ್ತಿದ್ದಳು. ನಾನೂ ಹಾಗೇ ಇರಲಿ ಅಂತ ಬಿಟ್ಟಿದ್ದೆ. ಇವತ್ತು ಅವ್ವ ರೊಟ್ಟಿ ಮುರಿಯುತ್ತಾ ಹೇಳಿದಳು. "ಕೆಲಸ ಹೋಗೇತ್ರಿ. ಹುಡುಕಾಕ ಹತ್ಯಾಳ. ಈಗ ನನಗ ಊರು ತೋರ್ಸಾಕ ಕರಕೊಂಡ ಬಂದಾಳ."

"ಸಿಗತೈತಿ ಬಿಡ್ರಿ" ಅಂದರು ಅಜ್ಜಿ. "ತಂಗೀ, ಇನ್ನೊಂದ್ ಕಡಬು ಹಾಕ್ಕೋ."

ಅಷ್ಟೇ. ಮಾತು ಈ ವರ್ಷದ ಹಿಂಗಾರಿ ಮಳೆಗೆ ಹೋಯಿತು. ಆದರೆ ನನ್ನ ಎದೆಯ ಮೇಲಿಂದ ಏನೋ ಇಳಿದ ಹಾಗಾಯಿತು. ಕೆಲಸ ಹೋದದ್ದಕ್ಕಿಂತ ಅದನ್ನು ಮುಚ್ಚಿಡುವುದರಲ್ಲೇ ನಾವಿಬ್ಬರೂ ಜಾಸ್ತಿ ದಣಿದಿದ್ದೆವು. ಒಬ್ಬರಿಗೊಬ್ಬರು ಅದನ್ನು ಹೇಳಿಕೊಂಡೇ ಇರಲಿಲ್ಲ. ಕಾರಿಗೆ ಬಂದ ಮೇಲೆ ಅವ್ವ ತಾನಾಗಿಯೇ ಕೇಳಿದಳು, ಮಂಗಳವಾರದ್ದು ಯಾವ ಕಂಪನಿ, ಏನು ಕೆಲಸ, ಎಷ್ಟು ಕೊಡುತ್ತಾರೆ ಅಂತ. ಐಹೊಳೆ ಮುಟ್ಟುವವರೆಗೂ ಅದನ್ನೇ ಹೇಳಿದೆ.

ಬಾಗಲಕೋಟೆಯಲ್ಲಿ ಹುಟ್ಟಿ ಬೆಳೆದ ಅವ್ವ ಐಹೊಳೆ ನೋಡಿರಲಿಲ್ಲ. ಶಾಲೆಯಿಂದ ಕರೆದುಕೊಂಡು ಹೋದಾಗ ಅಜ್ಜ ಕಳಿಸಿರಲಿಲ್ಲವಂತೆ. ದುರ್ಗ ಗುಡಿಯ ಬೆನ್ನು ಗುಂಡಗಿದೆ, ಸುತ್ತ ಕಂಬದ ಸಾಲಿನ ಪ್ರದಕ್ಷಿಣೆ ಪಥ. ಅವ್ವ ಒಂದೊಂದು ಕಂಬದ ಮುಂದೂ ನಿಂತು ಡಾಬು, ಸರ, ತೋಳಬಂದಿ ನೋಡಿದಳು. "ಈ ಡಾಬಿನ ಕೆಲಸ ನೋಡಲೇ" ಅಂತ ನನ್ನ ಕೈ ಎಳೆದಳು. ಮೇಗುತಿ ಗುಡ್ಡಕ್ಕೆ ಅರ್ಧದವರೆಗೆ ಬಂದು ಕೂತಳು, ನಾನೊಬ್ಬಳೇ ಮೇಲೆ ಹೋದೆ. ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ್ದನ್ನು ಹೇಳುವ ಶಾಸನ ಇರುವುದು ಆ ಜಿನಾಲಯದ ಗೋಡೆಯಲ್ಲಿ, 634ನೇ ಇಸವಿಯದು. ಬರೆದ ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿಗೆ ಸೇರಿಸಿಕೊಂಡಿದ್ದಾನೆ. ಅಕ್ಷರ ಸಣ್ಣವು, ಸಾಲು ನೇರ. ಮುಂದೆ ನಿಂತು ನೋಡುತ್ತಾ ಎಷ್ಟು ಹೊತ್ತಾಯಿತೋ ಗೊತ್ತಾಗಲಿಲ್ಲ.

ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರನ್ನೂ ಒಂದೇ ದಿನ ಮುಗಿಸುವ ಪ್ಯಾಕೇಜ್‌ಗಳಿವೆ. ಬೇಡ. ಐಹೊಳೆಗೇ ಒಂದು ದಿನ ಇಡಿ. ನಮಗೂ ಇವತ್ತು ಪಟ್ಟದಕಲ್ಲಿಗೆ ಸಿಕ್ಕದ್ದು ಸಂಜೆಯ ಸ್ವಲ್ಪ ಹೊತ್ತು. ಲೋಕಮಹಾದೇವಿ ತನ್ನ ಗಂಡ ಇಮ್ಮಡಿ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ಕಟ್ಟಿಸಿದ ವಿರೂಪಾಕ್ಷ ಗುಡಿಗೆ ಕೈಮುಗಿದು, ಬೆಳಕಿರುವಾಗಲೇ ಬಾದಾಮಿಗೆ ಬಂದುಬಿಟ್ಟೆವು.

ನಾಳೆ ಬೆಳಗ್ಗೆ ಮೇಣಬಸದಿ, ಅಂದರೆ ಇಲ್ಲಿನ ಗುಹಾ ದೇವಾಲಯಗಳು. ಆಮೇಲೆ ಬನಶಂಕರಿಯಲ್ಲಿ ಬುಟ್ಟಿ ಹೊತ್ತು ಬರುವ ಹೆಂಗಸರ ಹತ್ತಿರ ರೊಟ್ಟಿ ಊಟ. ಹೊಸ ಸೀರೆಗೆ ಗುಳೇದಗುಡ್ಡದ ಖಣ ಬೇಕಂತೆ, ಹಾಗಾಗಿ ದಾರಿ ಆ ಕಡೆ ತಿರುಗಿದೆ. ಬನದ ಹುಣ್ಣಿಮೆಯ ಜಾತ್ರೆಗೆ ಇನ್ನು ಎರಡು ವಾರ. ಜಾತ್ರೆಯ ನಾಟಕ ಕಂಪನಿಗಳ ಕಥೆಯನ್ನು ಅವ್ವ ಈಗಷ್ಟೇ ಹೇಳಿ ಮುಗಿಸಿದಳು. ರಾತ್ರಿಯೆಲ್ಲ ಕೂತು ನಾಟಕ ನೋಡಿ, ಬೆಳಗ್ಗೆ ಅಲ್ಲಿಂದಲೇ ಊರಿಗೆ ಬಸ್ ಹತ್ತುತ್ತಿದ್ದರಂತೆ. ಮಂಗಳವಾರ ಯಾವಾಗ ಸೇರುತ್ತೀರಿ ಅಂತ ಕೇಳಿದರೆ ಜಾತ್ರೆ ಮುಗಿದ ಮೇಲೆ ಅಂತ ಹೇಳುತ್ತೇನೆ. ಅವ್ವನಿಗೂ ಹೇಳಿದ್ದೇನೆ, ಟಿಕೆಟ್ ನನ್ನದು.