ಟಿವಿ ಮೇಲಿನ ಕಲೆ

ನಮ್ಮ ಹಳೇ ಕಲರ್ ಟಿವಿಯ ಎಡ ಮೂಲೆಯಲ್ಲಿ ನೇರಳೆ ಬಣ್ಣದ ಕಲೆ ಇತ್ತು. ವಾರ್ತೆ ಓದುವವರ ಭುಜ ಅಲ್ಲಿಗೆ ಬಂದರೆ ನೇರಳೆ, ಒಂಚೂರು ಆಚೆ ಸರಿದರೆ ಹಸಿರು. ಟಿವಿಗೆ ವಯಸ್ಸಾಯ್ತು ಅಂತ ಅಪ್ಪ ಅಂದುಕೊಂಡಿದ್ದರು. ನಿಜ ಏನಂದ್ರೆ, ಕೆಟ್ಟ ಸ್ಪೀಕರಿನಿಂದ ಕಿತ್ತ ಮ್ಯಾಗ್ನೆಟ್ಟನ್ನು ನಾನೇ ಅಲ್ಲಿ ಹಿಡಿದಿದ್ದೆ. ಚಿತ್ರ ಸುಳಿಗೆ ಸಿಕ್ಕ ನೀರಿನ ಹಾಗೆ ತಿರುಚಿಕೊಂಡಿತು. ಇನ್ನೊಂದ್ಸಲ, ಮತ್ತೊಂದ್ಸಲ ಅಂತ ಹಿಡಿದೆ. ತೆಗೆದ ಮೇಲೂ ಕಲೆ ಹೋಗಲಿಲ್ಲ. ಅಪ್ಪನಿಗೆ ಇವತ್ತಿಗೂ ಗೊತ್ತಿಲ್ಲ.

ಎಷ್ಟೋ ವರ್ಷದ ಮೇಲೆ, ಟಿವಿಗಳಿಂದಲೇ ಕಲಾಕೃತಿ ಮಾಡುತ್ತಿದ್ದ ಕೊರಿಯಾ ಮೂಲದ ಕಲಾವಿದ ನಾಮ್ ಜೂನ್ ಪೈಕ್ ಅವರ ‘ಮ್ಯಾಗ್ನೆಟ್ ಟಿವಿ’ಯ ಫೋಟೋ ನೋಡಿ ನಗು ಬಂತು. 1965ರಲ್ಲಿ ಮಾಡಿದ್ದು. ಕಪ್ಪು ಬಿಳುಪು ಟಿವಿಯ ತಲೆ ಮೇಲೆ ಲಾಳದ ಆಕಾರದ ದೊಡ್ಡ ಮ್ಯಾಗ್ನೆಟ್, ಅಷ್ಟೇ. ಈಗ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನಲ್ಲಿದೆ. ಅವರು ಮಾಡಿದ್ದೂ ಕಲೆ, ನಾನು ಮಾಡಿದ್ದೂ ಕಲೆ!

ಅವರ ಟಿವಿಯಲ್ಲಿ ಮ್ಯಾಗ್ನೆಟ್ ತೆಗೆದರೆ ಚಿತ್ರ ಸರಿಹೋಗುತ್ತಿತ್ತು. ಕಲರ್ ಟಿವಿಯ ಪಿಕ್ಚರ್ ಟ್ಯೂಬಿನ ಕಥೆ ಬೇರೆ. ಗಾಜಿನ ಹಿಂದೆ ತೂತು ತೂತಿನ ತೆಳು ಲೋಹದ ಹಾಳೆ ಇರುತ್ತದೆ. ಅದೇ ಮ್ಯಾಗ್ನೆಟ್ ಆಗಿಬಿಟ್ಟರೆ, ಚಿತ್ರ ಮೂಡಿಸಲು ಹಿಂದಿನಿಂದ ಹಾರಿ ಬರುವ ಎಲೆಕ್ಟ್ರಾನುಗಳು ತೆರೆಯ ತಪ್ಪು ಬಣ್ಣದ ಚುಕ್ಕೆಗೆ ಹೋಗಿ ಬೀಳುತ್ತವೆ. ಆನ್ ಮಾಡಿದಾಗ ‘ಡುಂಯ್’ ಅನ್ನುತ್ತಿತ್ತಲ್ಲ, ಅದು ಈ ಹಾಳೆಗೆ ಹತ್ತಿದ ಮ್ಯಾಗ್ನೆಟ್ ಗುಣವನ್ನು ತೊಳೆಯುವ ತಂತಿ ಸುರುಳಿ, ಕಾಯಿಲ್. ನನ್ನ ಕೈಚಳಕ ಅದಕ್ಕೂ ಮೀರಿತ್ತು.

ಪೈಕ್ ಅವರ ಕೆಲಸದಲ್ಲಿ ನನಗೆ ಜಾಸ್ತಿ ಇಷ್ಟ ‘ಝೆನ್ ಫಾರ್ ಟಿವಿ’. 1963ರಲ್ಲಿ ಜರ್ಮನಿಯ ವುಪ್ಪರ್ಟಾಲಿನಲ್ಲಿ ತೋರಿಸಿದ್ದು. ಕೆಟ್ಟುಹೋದ ಟಿವಿ, ತೆರೆ ಮೇಲೆ ಒಂದೇ ಒಂದು ಗೆರೆ. ಅದನ್ನು ಎಸೆಯದೆ ಪಕ್ಕಕ್ಕೆ ಮಗ್ಗುಲಾಗಿಸಿ ಇಟ್ಟರು. ಅಡ್ಡಗೆರೆ ನೆಟ್ಟಗೆ ನಿಂತಿತು. ನಮ್ಮ ಟಿವಿಯೂ ಕೊನೆಗೆ ಅದೇ ಗತಿಗೆ ಬಂತು. ಬಿಳಿ ಗೆರೆಯೊಂದು ಉರಿಯುತ್ತಿತ್ತು. ರಿಪೇರಿಯವರು ‘ವರ್ಟಿಕಲ್ ಹೋಗಿದೆ’ ಅಂದರು, ಅಂದ್ರೆ ಚಿತ್ರವನ್ನು ಮೇಲೆ ಕೆಳಗೆ ಹರಡುವ ಭಾಗ ಕೆಟ್ಟಿದೆ ಅಂತ. ಮಗ್ಗುಲಾಗಿಸಬೇಕು ಅಂತ ನಮಗ್ಯಾರಿಗೂ ಹೊಳೆಯಲಿಲ್ಲ.

ದಕ್ಷಿಣ ಕೊರಿಯಾದ ಗ್ವಾಚನ್‌ನಲ್ಲಿ ಅವರು 1988ರಲ್ಲಿ 1003 ಟಿವಿಗಳ ಗೋಪುರ ಕಟ್ಟಿದ್ದಾರೆ. 2018ರಲ್ಲಿ ಅದನ್ನು ಆಫ್ ಮಾಡಬೇಕಾಯಿತು. ಟ್ಯೂಬುಗಳಿಗೆ ವಯಸ್ಸಾಗಿತ್ತು, ಹೊಸದು ಯಾರೂ ಮಾಡುತ್ತಿರಲಿಲ್ಲ. ಕೆಲವಕ್ಕೆ ಎಲ್‌ಸಿಡಿ ಹಾಕಿ 2022ರಲ್ಲಿ ಮತ್ತೆ ಹಚ್ಚಿದರು. ಬೇರೆ ದಾರಿ ಇರಲಿಲ್ಲ, ಒಪ್ಪುತ್ತೇನೆ. ಆದರೂ ಉಬ್ಬಿದ ಗಾಜಿನ ಜಾಗದಲ್ಲಿ ಚಪ್ಪಟೆ ತೆರೆ ಅಂದ್ರೆ ಮನಸ್ಸು ಒಗ್ಗುವುದಿಲ್ಲ.

ಆ ಮ್ಯಾಗ್ನೆಟ್ ಇನ್ನೂ ನನ್ನ ಡ್ರಾಯರಿನಲ್ಲಿದೆ. ಮೊನ್ನೆ ಸುಮ್ನೆ ಹೊಸ ಟಿವಿಯ ಎಡ ಮೂಲೆಗೆ ಹಿಡಿದೆ. ವಾರ್ತೆ ಓದುವವರ ಭುಜ ಅಲ್ಲಾಡಲೇ ಇಲ್ಲ.