ದುರ್ಗದ ಗಾಳಿಯಲ್ಲಿ ಹೂವಿನ ಮ್ಯಾಕ್ರೊ

ಚಿತ್ರದುರ್ಗದ ಸುತ್ತಮುತ್ತ ಹೂವಿನ ಮ್ಯಾಕ್ರೊ, ಅಂದರೆ ತೀರಾ ಹತ್ತಿರದ ಚಿತ್ರ, ತೆಗೆಯುವವರು ಲೆನ್ಸ್‌ಗಿಂತ ಮೊದಲು ಯೋಚಿಸಬೇಕಾದದ್ದು ಗಾಳಿಯ ಬಗ್ಗೆ. ಜೋಗಿಮಟ್ಟಿ ಕಡೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳ ಸಾಲು ಸುಮ್ಮನೆ ನಿಂತಿಲ್ಲ. ಮುಂಗಾರಿನಲ್ಲಿ ಗುಡ್ಡ ಹಸಿರಾಗಿ ಹೂ ಬಿಡುವ ಹೊತ್ತಿಗೇ ಗಾಳಿಯೂ ಜೋರಾಗುತ್ತದೆ. ದುಬಾರಿ ಲೆನ್ಸ್ ತಂದರೂ ಚಿತ್ರ ಮಸುಕು ಎನ್ನುವವರ ತೊಂದರೆ ಬಹುತೇಕ ಇಲ್ಲಿಯೇ ಇರುತ್ತದೆ.

ಲೆಕ್ಕ ಹಾಕಿ ನೋಡಿ. 1:1 ಅಳತೆಯಲ್ಲಿ ಹೂವಿನ 1 ಮಿ.ಮೀ. ಸೆನ್ಸರ್ ಮೇಲೂ 1 ಮಿ.ಮೀ. ಆಗಿಯೇ ಬೀಳುತ್ತದೆ. 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರ್‌ನ) ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್ ಸುಮಾರು 0.004 ಮಿ.ಮೀ. ತುಂಬೆ ಗಿಡ ಸೆಕೆಂಡಿಗೆ 10 ಸೆಂ.ಮೀ. ವೇಗದಲ್ಲಿ ತೂಗಿದರೆ ನಮ್ಮ ಕಣ್ಣಿಗೆ ಅದು ಗಾಳಿ ಅಂತಲೇ ಅನ್ನಿಸುವುದಿಲ್ಲ. ಆದರೆ 1/200 ಸೆಕೆಂಡಿನಲ್ಲಿ ಹೂವು ಅರ್ಧ ಮಿ.ಮೀ. ಸರಿದಿರುತ್ತದೆ, ಅಂದರೆ 125 ಪಿಕ್ಸೆಲ್. ಶಟರ್ ವೇಗವನ್ನು 1/2000ಕ್ಕೆ ಏರಿಸಿದರೂ 12 ಪಿಕ್ಸೆಲ್ ಮಸುಕು ಉಳಿಯುತ್ತದೆ. ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸಂವೇದನೆ) ಏರಿಸುತ್ತಾ ಹೋದರೆ ಬಗೆಹರಿಯುವ ವಿಷಯ ಇದಲ್ಲ.

ಹಾಗಾಗಿ ಹೊತ್ತು ನೋಡಿ ಹೊರಡಬೇಕು. ಸೂರ್ಯ ಹುಟ್ಟಿದ ಮೇಲಿನ ಮೊದಲ ಒಂದು ತಾಸು ಸಾಮಾನ್ಯವಾಗಿ ಶಾಂತ. ನೆಲ ಕಾಯತೊಡಗಿದಂತೆ ಗಾಳಿ ಏಳುತ್ತದೆ. ಊರಿನಿಂದಲೇ ಕಾಣುವ ಗಾಳಿಯಂತ್ರಗಳು ಇದಕ್ಕೆ ಒಳ್ಳೆಯ ಸೂಚಕ. ಸೆಕೆಂಡಿಗೆ ಸುಮಾರು 3 ಮೀಟರ್ ಗಾಳಿ ಬಂದಾಗ ಅವು ವಿದ್ಯುತ್ ಕೊಡಲು ಶುರು ಮಾಡುತ್ತವೆ. ಒಂದು ಯಂತ್ರ ನಿಂತಿದ್ದರೆ ರಿಪೇರಿ ಇರಬಹುದು. ಸಾಲಿಗೆ ಸಾಲೇ ನಿಂತಿದ್ದರೆ ಕೆಳಗಿನ ಪೊದೆಗಳಲ್ಲಿ ಕೆಲಸ ಮಾಡಬಹುದು. ಚಂದ್ರವಳ್ಳಿಯಂಥ ಕಡೆ ದೊಡ್ಡ ಬಂಡೆಗಳ ಮರೆಯ ಗಿಡಗಳನ್ನೇ ಹುಡುಕಿ. ಕೈಯೂರುವ ಮುಂಚೆ ಬಂಡೆಯ ಸಂದು ನೋಡಿಕೊಳ್ಳಿ, ಚೇಳು ಹಾವು ಇರುವ ಜಾಗ ಅದು.

ಗಿಡ ಹಿಡಿದು ನಿಲ್ಲಿಸಲು ಅಂಗಡಿಯ ಸಾಮಾನು ಬೇಕಿಲ್ಲ. ಹಳೆಯ ಸೈಕಲ್ ಕಡ್ಡಿಗೆ ಬಟ್ಟೆ ಒಣಹಾಕುವ ಕ್ಲಿಪ್ಪನ್ನು ಕಟ್ಟುಕಂಬಿಯಿಂದ ಬಿಗಿಯಿರಿ. ಕ್ಲಿಪ್ಪಿನ ಬಾಯಿಗೆ ಸ್ಪಂಜಿನ ಎರಡು ತುಂಡು ಅಂಟಿಸಿ, ಇಲ್ಲದಿದ್ದರೆ ಎಳೆ ದಂಟು ಜಜ್ಜಿಹೋಗುತ್ತದೆ. ಕಡ್ಡಿಯನ್ನು ನೆಲಕ್ಕೆ ಚುಚ್ಚಿ, ಹೂವಿಗಿಂತ 3-4 ಸೆಂ.ಮೀ. ಕೆಳಗೆ ದಂಟು ಹಿಡಿಸಿ. ಇನ್ನೂ ಹತ್ತಿರ ಹಿಡಿಸಿದರೆ ಕ್ಲಿಪ್ಪೇ ಚಿತ್ರದೊಳಗೆ ಬರುತ್ತದೆ, ದೂರ ಹಿಡಿಸಿದರೆ ಹೂವು ಮತ್ತೆ ತಲೆದೂಗುತ್ತದೆ.

ಗಾಳಿಗೆ ಅಡ್ಡವಾಗಿ ರಟ್ಟು ಹಿಡಿಯುವವರು ಬಹಳ. ಗಟ್ಟಿ ರಟ್ಟಿನ ಅಂಚು ದಾಟಿದ ಗಾಳಿ ಹಿಂದೆ ಸುಳಿಯಾಗಿ ತಿರುಗುತ್ತದೆ, ಹೂವು ಇನ್ನಷ್ಟು ಅಡ್ಡಾದಿಡ್ಡಿ ಕುಣಿಯುತ್ತದೆ. ಗಾಳಿ ಸ್ವಲ್ಪ ಸೋರುವ ಬಿಳಿ ಪಂಚೆಯೋ ಬಿಳಿ ಸೊಳ್ಳೆಪರದೆಯೋ ಇದಕ್ಕಿಂತ ವಾಸಿ. ನರ್ಸರಿಯವರ ಹಸಿರು ನೆರಳುಬಲೆ ಮಾತ್ರ ಬೇಡ. ತುಂಬೆ, ಎಕ್ಕದಂಥ ತಿಳಿಬಣ್ಣದ ಹೂಗಳಿಗೆ ಹಸಿರು ಛಾಯೆ ಹತ್ತಿದರೆ ಆಮೇಲೆ ತೆಗೆಯುವುದು ತಲೆನೋವು.

ಇಷ್ಟಾದರೂ ಗಿಡ ಅಲುಗಿದರೆ ಫ್ಲ್ಯಾಶ್ ಬೇಕು. ಫ್ಲ್ಯಾಶನ್ನು ಮ್ಯಾನುಯಲ್‌ನಲ್ಲಿ 1/32 ಪವರ್‌ಗೆ ಇಳಿಸಿದರೆ ಬೆಳಕು ಹೊತ್ತುವುದು ಸೆಕೆಂಡಿನ ಸುಮಾರು 1/10000 ಭಾಗ ಮಾತ್ರ. ಮೇಲಿನ ಲೆಕ್ಕದ 125 ಪಿಕ್ಸೆಲ್ ಆಗ ಎರಡು ಮೂರಕ್ಕೆ ಇಳಿಯುತ್ತದೆ. ಪವರ್ ಹೆಚ್ಚಿಸಿದಷ್ಟೂ ಬೆಳಕು ಹೊತ್ತುವ ಅವಧಿ ಹೆಚ್ಚುತ್ತದೆ, ಆದ್ದರಿಂದ ಫ್ಲ್ಯಾಶನ್ನು ಹೂವಿಗೆ ಒಂದು ಗೇಣಿನಷ್ಟು ಹತ್ತಿರ ತಂದು ಪವರ್ ಕಡಿಮೆ ಇಡುವುದೇ ಸರಿಯಾದ ದಾರಿ. ಮುಂದೆ ಬಟರ್ ಪೇಪರ್ ಇರಲಿ. ಕಸೂತಿ ಹಾಕುವ ಬಳೆಗೆ ಬಿಗಿದರೆ ಸುಕ್ಕಾಗುವುದಿಲ್ಲ, ಚೀಲದಲ್ಲೂ ಹಿಡಿಯುತ್ತದೆ.

ಕ್ಯಾಮೆರಾ 1/200, ಐಎಸ್‌ಒ 100, ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಎಫ್/11. ಇಲ್ಲಿ ಒಂದು ಗುಟ್ಟಿದೆ. 1:1ಕ್ಕೆ ಹೋದಾಗ ಲೆನ್ಸ್ ಸೆನ್ಸರ್‌ನಿಂದ ದೂರವಾದಂತೆ ಲೆಕ್ಕ, ಎರಡು ಸ್ಟಾಪ್ ಬೆಳಕು ಕಳೆಯುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿದಂತೆ). ಎಫ್/11 ಎಂದು ಇಟ್ಟದ್ದು ಕೆಲಸ ಮಾಡುವುದು ಎಫ್/22 ಆಗಿ. ಹಾಗಾಗಿ ನೇರ ಬಿಸಿಲಿನಲ್ಲೂ ಸೂರ್ಯನ ಬೆಳಕು ಸುಮಾರು ಎರಡು ಸ್ಟಾಪ್ ಹಿಂದೆ ಬೀಳುತ್ತದೆ, ಫ್ಲ್ಯಾಶ್‌ನದೇ ಮೇಲುಗೈ. ಆದರೂ ದಳದ ಅಂಚಿನಲ್ಲಿ ನೆರಳಿನಂಥ ಎರಡನೇ ಗೆರೆ ಕಂಡರೆ ಬಿಸಿಲು ಇನ್ನೂ ಒಳಗೆ ಬರುತ್ತಿದೆ ಎಂದರ್ಥ. ಕೊಡೆ ಹಿಡಿದು ಹೂವನ್ನು ನೆರಳಿಗೆ ತನ್ನಿ. ಎಫ್/16, ಎಫ್/22ಕ್ಕೆ ಹೋಗುವ ಆಸೆ ಬೇಡ. ಫೋಕಸ್‌ನ ಆಳ (ಸ್ಪಷ್ಟವಾಗಿ ಕಾಣುವ ದಪ್ಪ) ಸಿಗುತ್ತದೆ ನಿಜ, ಆದರೆ ಡಿಫ್ರಾಕ್ಷನ್‌ನಿಂದ (ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡುವುದರಿಂದ) ಇಡೀ ಚಿತ್ರವೇ ಮೆತ್ತಗಾಗುತ್ತದೆ.

ಸಲಕರಣೆ ಬಗ್ಗೆ ಹೆಚ್ಚು ಹೇಳುವುದಿಲ್ಲ. 90-105 ಮಿ.ಮೀ. ಮ್ಯಾಕ್ರೊ ಲೆನ್ಸ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ 50 ಮಿ.ಮೀ. ಲೆನ್ಸ್‌ಗೆ ಎಕ್ಸ್‌ಟೆನ್ಷನ್ ಟ್ಯೂಬ್ (ಲೆನ್ಸ್ ಮತ್ತು ಕ್ಯಾಮೆರಾ ನಡುವೆ ಹಾಕುವ ಟೊಳ್ಳು ಕೊಳವೆ) ಸಾಕು. ಟ್ಯೂಬಿನ ಉದ್ದವನ್ನು ಲೆನ್ಸಿನ ಮಿ.ಮೀ.ನಿಂದ ಭಾಗಿಸಿದರೆ ಎಷ್ಟು ದೊಡ್ಡದಾಗುತ್ತದೆ ಎಂಬುದು ಗೊತ್ತಾಗುತ್ತದೆ: 36 ಮಿ.ಮೀ. ಟ್ಯೂಬ್‌ಗೆ 0.72. ರಿವರ್ಸ್ ರಿಂಗ್ (ಲೆನ್ಸನ್ನು ಹಿಂದುಮುಂದಾಗಿ ಕೂರಿಸುವ ಬಳೆ) ಎಲ್ಲಕ್ಕಿಂತ ಅಗ್ಗ, ಆದರೆ ಅದಕ್ಕೆ ಅಪರ್ಚರ್ ರಿಂಗ್ ಇರುವ ಹಳೆಯ ಮ್ಯಾನುಯಲ್ ಲೆನ್ಸನ್ನೇ ಹಾಕಿ. ಈಗಿನ ಲೆನ್ಸ್ ತಿರುಗಿಸಿ ಹಾಕಿದರೆ ಕ್ಯಾಮೆರಾದ ಸಂಪರ್ಕ ತಪ್ಪಿ ಅಪರ್ಚರ್ ನಿಮ್ಮ ಮಾತು ಕೇಳುವುದಿಲ್ಲ.

ಎಲ್ಲಿ ಫೋಕಸ್ ಮಾಡಬೇಕು ಎನ್ನುವುದಕ್ಕೆ ಎಕ್ಕದ ಹೂವಿಗಿಂತ ಒಳ್ಳೆಯ ಪಾಠ ಇಲ್ಲ, ರಸ್ತೆ ಬದಿಯಲ್ಲೇ ಸಿಗುತ್ತದೆ. ಐದು ದಳಗಳ ನಡುವೆ ಕಿರೀಟದಂತೆ ಎದ್ದ ಭಾಗದ ತುದಿಯಲ್ಲಿ ಐದು ಮೂಲೆಯ ಚಪ್ಪಟೆ ತಟ್ಟೆಯಿದೆ. ಅದರ ಅಂಚಿನಲ್ಲಿ ಗುಂಡುಸೂಜಿಯ ಮೊನೆಯಷ್ಟು ಐದು ಕಪ್ಪು ಚುಕ್ಕೆಗಳು. ಒಂದೊಂದು ಚುಕ್ಕೆಗೂ ಪರಾಗದ ಎರಡು ಚೀಲ ತಗುಲಿಕೊಂಡಿರುತ್ತವೆ. ದುಂಬಿಯ ಕಾಲು ಆ ಸಂದಿಗೆ ಸಿಕ್ಕಿದರೆ ಚೀಲಗಳು ಜೋಡಿಯಾಗಿಯೇ ಕಿತ್ತು ಬರುತ್ತವೆ. ಎಪಿಎಸ್-ಸಿಯಲ್ಲಿ 1:1, ಎಫ್/8ಕ್ಕೆ ಸಿಗುವ ಆಳ ಬರೀ 0.6 ಮಿ.ಮೀ. ಚಿಲ್ಲರೆ. ಕ್ಯಾಮೆರಾ ಓರೆಯಾದರೆ ಎರಡು ಚುಕ್ಕೆ ಸ್ಪಷ್ಟ, ಮೂರು ಮಸುಕು. ಸೆನ್ಸರನ್ನು ಆ ತಟ್ಟೆಗೆ ಸಮಾನಾಂತರ ತಂದರೆ ಒಂದೇ ಚಿತ್ರದಲ್ಲಿ ಐದೂ ಸಿಗುತ್ತವೆ. ದಳಗಳು ಮಸುಕಾಗಲಿ ಬಿಡಿ, ಅದೇ ಚೆಂದ. ಎಕ್ಕದ ಎಲೆಯ ಮೇಲಿನ ಬೂದಿಯಂಥ ಬಿಳಿ ಲೇಪವನ್ನು ಬೆರಳಿನಿಂದ ಒರೆಸಬೇಡಿ, ಆ ಗುರುತು ಚಿತ್ರದಲ್ಲಿ ಎದ್ದು ಕಾಣುತ್ತದೆ. ದೂಳನ್ನು ರಬ್ಬರ್ ಬ್ಲೋವರ್‌ನಿಂದ ಮಾತ್ರ ಊದಿ. ಇನ್ನು ಎಕ್ಕದ ಹಾಲು ಕಣ್ಣಿಗೆ ಅಪಾಯ. ಗಿಡ ಮುಟ್ಟಿದ ಕೈಯನ್ನು ತೊಳೆಯದೆ ಕಣ್ಣುಜ್ಜಬಾರದು, ವ್ಯೂಫೈಂಡರ್‌ನ ರಬ್ಬರನ್ನೂ ಮುಟ್ಟಬಾರದು.

ಸೂರ್ಯಕಾಂತಿ ಇನ್ನೊಂದು ಸುಲಭದ ವಸ್ತು, ದಂಟು ದಪ್ಪ ಇರುವುದರಿಂದ ಅಲುಗುವುದೂ ಕಡಿಮೆ. ನಡುವಿನ ತಟ್ಟೆಯಲ್ಲಿ ಇರುವವು ನೂರಾರು ಪುಟ್ಟ ಹೂಗಳು, ಅಂಚಿನಿಂದ ಒಳಕ್ಕೆ ದಿನಕ್ಕೊಂದಿಷ್ಟು ಸುತ್ತು ಅರಳುತ್ತವೆ. ಅರಳಿದ ದಿನ ಪರಾಗ ಹೊತ್ತ ಕಪ್ಪು ಕೊಳವೆ ಮೇಲೇಳುತ್ತದೆ. ಮರುದಿನ ಅದರೊಳಗಿಂದ ಶಲಾಕೆ (ಹೂವಿನ ಹೆಣ್ಣು ಭಾಗ) ಹೊರಬಂದು ಎರಡಾಗಿ ಸುರುಳಿ ಬಿಚ್ಚುತ್ತದೆ. ಅರ್ಧ ಅರಳಿದ ತಟ್ಟೆ ಹಿಡಿದರೆ ಈ ಎರಡೂ ಹಂತ, ಒಳಗಿನ ಮೊಗ್ಗು ಸಮೇತ, ಒಂದೇ ಚೌಕಟ್ಟಿನಲ್ಲಿ ಸಿಗುತ್ತವೆ. ಹೊಲದವರನ್ನು ಕೇಳದೆ ಬದು ದಾಟಬೇಡಿ.

ಬಣ್ಣದ ಬಗ್ಗೆ ಎರಡು ಮಾತು. ಬಿಳಿ ತುಂಬೆ ಚೌಕಟ್ಟು ತುಂಬಿದರೆ ಕ್ಯಾಮೆರಾದ ಮೀಟರ್ ಅದನ್ನು ಬೂದು ಮಾಡುತ್ತದೆ, ಎಕ್ಸ್‌ಪೋಷರ್ +1 ಕೊಡಿ. ಕೆಂಪು ದಾಸವಾಳಕ್ಕೆ ಉಲ್ಟಾ: ಕೆಂಪು ಚಾನೆಲ್ ಮೊದಲೇ ತುಂಬಿ ದಳದ ನರಗಳು ಅಳಿಸಿಹೋಗುತ್ತವೆ. ಮೂರು ಬಣ್ಣದ ಹಿಸ್ಟೋಗ್ರಾಂ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ನೋಡಿಕೊಂಡು ಒಂದು ಸ್ಟಾಪ್‌ವರೆಗೂ ಇಳಿಸಿ.

ಗಾಳಿ ನಿಲ್ಲುವುದೇ ಇಲ್ಲ ಎನ್ನುವ ತಿಂಗಳುಗಳಲ್ಲಿ ಮನೆಯೊಳಗೆ ಕೆಲಸ ಮಾಡುವುದು ಜಾಣತನ. ದಾವಣಗೆರೆಯಲ್ಲಾಗಲಿ ದುರ್ಗದಲ್ಲಾಗಲಿ ಹೂವಿನ ಮಾರುಕಟ್ಟೆಗೆ ಬೆಳಿಗ್ಗೆ ಹೋದರೆ ಸೇವಂತಿಗೆ ಸಿಗುತ್ತದೆ. ಮಾರುವ ಹೂವಿಗೆ ದಂಟು ಇರುವುದಿಲ್ಲ, ಕೇಳಿ ದಂಟಿರುವ ನಾಲ್ಕು ಹೂ ಆರಿಸಿಕೊಳ್ಳಿ. ದಂಟನ್ನು ಓರೆಯಾಗಿ ಕತ್ತರಿಸಿ ನೀರಿಗಿಟ್ಟು ಅರ್ಧ ಗಂಟೆ ಬಿಡಬೇಕು. ನೀರು ಏರುವಾಗ ಹೂವು ನಿಧಾನಕ್ಕೆ ತಲೆ ಎತ್ತುತ್ತದೆ, ಆಗ ಶುರು ಮಾಡಿದರೆ ಸ್ಟ್ಯಾಕ್ (ಫೋಕಸ್ ಸರಿಸುತ್ತಾ ತೆಗೆದ ಹಲವು ಚಿತ್ರಗಳ ಜೋಡಣೆ) ಹೊಂದುವುದಿಲ್ಲ. ಸಂಜೆ ಬಿರಿಯುವ ಮಲ್ಲಿಗೆ ಮೊಗ್ಗೂ ಇದೇ ಕಾರಣಕ್ಕೆ ಸ್ಟ್ಯಾಕ್‌ಗೆ ಬರುವುದಿಲ್ಲ.

ಮನೆಯಲ್ಲಿ ಅತ್ಯಂತ ಗಟ್ಟಿ ಜಾಗ ಅಡುಗೆಮನೆಯ ಕಲ್ಲಿನ ಕಟ್ಟೆ. ಮರದ ಮೇಜು ಪಕ್ಕದಲ್ಲಿ ಯಾರಾದರೂ ನಡೆದರೂ ನಡುಗುತ್ತದೆ. ಫ್ಯಾನ್ ಆಫ್, ಶಟರ್‌ಗೆ 2 ಸೆಕೆಂಡ್ ಟೈಮರ್. ಉತ್ತರದ ಕಿಟಕಿಯ ಬೆಳಕು, ಎದುರು ಬದಿಗೆ ಥರ್ಮಕೋಲ್ ಹಾಳೆ. ಎಲ್‌ಇಡಿ ಬಲ್ಬ್ ಬಳಸಿದರೆ ಶಟರ್ 1/50 ಅಥವಾ ಅದಕ್ಕಿಂತ ನಿಧಾನ ಇರಲಿ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಅಗ್ಗದ ಬಲ್ಬ್ ಸೆಕೆಂಡಿಗೆ 100 ಸಲ ಮಿಣುಕುತ್ತದೆ, ವೇಗದ ಶಟರ್‌ನಲ್ಲಿ ಒಂದೊಂದು ಚಿತ್ರ ಒಂದೊಂದು ಹೊಳಪು.

ಸೇವಂತಿಗೆ 1:2ರಲ್ಲಿ ಚೌಕಟ್ಟಿಗೆ ಹೊಂದುತ್ತದೆ. ಎಪಿಎಸ್-ಸಿ, ಎಫ್/5.6ಕ್ಕೆ ಆಳ 1.3 ಮಿ.ಮೀ. ಆಸುಪಾಸು, ಒಂದು ಚಿತ್ರದಿಂದ ಇನ್ನೊಂದಕ್ಕೆ ಹೆಜ್ಜೆ 1 ಮಿ.ಮೀ. ಇಡಿ. ಹೂವಿನ ಮುಂದಿನ ದಳದಿಂದ ಹಿಂದಿನ ಅಂಚಿಗೆ 20 ಮಿ.ಮೀ. ಇದ್ದರೆ, ಆಚೀಚೆ ಎರಡೆರಡು ಹೆಚ್ಚು ಸೇರಿಸಿ 25 ಚಿತ್ರ. ಫೋಕಸ್ ರೈಲ್ (ಸ್ಕ್ರೂ ತಿರುಗಿಸಿ ಕ್ಯಾಮೆರಾವನ್ನು ಸರಿಸುವ ಸಾಧನ) ಒಂದು ಸುತ್ತಿಗೆ ಎಷ್ಟು ಸರಿಯುತ್ತದೆ ಎಂದು ಡಬ್ಬದ ಮೇಲೆ ಬರೆದದ್ದನ್ನು ನಂಬದೆ, ಹತ್ತು ಸುತ್ತು ತಿರುಗಿಸಿ ಸ್ಕೇಲ್ ಹಿಡಿದು ಅಳೆದುಕೊಳ್ಳಿ. ಯಾವಾಗಲೂ ಒಂದೇ ದಿಕ್ಕಿಗೆ ತಿರುಗಿಸಬೇಕು. ಹಿಂದೆಮುಂದೆ ಮಾಡಿದರೆ ಸ್ಕ್ರೂವಿನ ಸಡಿಲದಲ್ಲಿ ಒಂದು ಹೆಜ್ಜೆ ನುಂಗಿಹೋಗಿ ದಳದ ಮೇಲೆ ಮಸುಕಿನ ಪಟ್ಟಿ ಉಳಿಯುತ್ತದೆ.

ಜೋಡಿಸಲು ಹೆಲಿಕಾನ್ ಫೋಕಸ್, ಜೆರೀನ್ ಸ್ಟ್ಯಾಕರ್ ಎಂಬ ಸಾಫ್ಟ್‌ವೇರ್‌ಗಳು ಇವೆ. ದಳದ ಮೇಲೆ ದಳ ಬಂದ ಕಡೆ ಅಂಚಿಗೆ ಬೆಳ್ಳನೆ ಪ್ರಭೆ ಉಳಿಯುವುದು ಸೇವಂತಿಗೆಯಲ್ಲಿ ಸಾಮಾನ್ಯ: ಮುಂದಿನ ದಳ ಮಸುಕಾದಾಗ ಹರಡಿಕೊಂಡು ಹಿಂದಿನದನ್ನು ಮುಚ್ಚಿರುತ್ತದೆ, ಆ ಜಾಗದ ಸ್ಪಷ್ಟ ಚಿತ್ರ ಯಾವ ಫ್ರೇಮಿನಲ್ಲೂ ಇರುವುದಿಲ್ಲ. ಹೆಚ್ಚು ಫ್ರೇಮ್ ತೆಗೆದು ಪ್ರಯೋಜನವಿಲ್ಲ. ಹೂವನ್ನು ಸ್ವಲ್ಪ ತಿರುಗಿಸಿ, ದಳಗಳ ನಡುವಿನ ಅಂತರ ಕಡಿಮೆ ಕಾಣುವ ಕೋನದಿಂದ ಮತ್ತೆ ತೆಗೆಯಿರಿ.