ಐದು ರೂಪಾಯಿ ಟಿಕೆಟ್ಟಿನಲ್ಲಿ ಬಾದಾಮಿ, ಐಹೊಳೆ

ಬಾದಾಮಿಗೆ ಬಂದವರು ಬಸ್ ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಗುಹೆಗಳ ಕಡೆ ಹೊರಡುತ್ತಾರೆ. ನಾಲ್ಕು ಗುಹೆ ನೋಡಿ, ಫೋಟೋ ತೆಗೆದು, ಊಟ ಮಾಡಿ ಪಟ್ಟದಕಲ್ಲಿಗೆ ಹೋಗುತ್ತಾರೆ. ಅಗಸ್ತ್ಯ ತೀರ್ಥದ ಆಚೆ ಬದಿಗೆ, ಉತ್ತರ ಗುಡ್ಡದ ಬುಡದಲ್ಲಿ ಒಂದು ಮ್ಯೂಸಿಯಂ ಇದೆ. ಅಲ್ಲಿಗೆ ಹೋಗುವವರು ಕಡಿಮೆ. ನಾವು ಈ ಸಲ ಅಲ್ಲಿಂದಲೇ ಶುರು ಮಾಡಬೇಕು ಅಂತ ಮನೆಯಲ್ಲೇ ಮಾತಾಡಿಕೊಂಡಿದ್ದೆವು. ನಾವು ಅಂದರೆ ಅವ್ವ, ಆರನೇ ಕ್ಲಾಸಿನಲ್ಲಿ ಓದುವ ಅಕ್ಕನ ಮಗ ಮತ್ತು ನಾನು.

ಹುಬ್ಬಳ್ಳಿಯಿಂದ ಬೆಳಗಿನ ರೈಲು. ಗದಗ ದಾಟಿದ ಮೇಲೆ ಎರಡೂ ಕಡೆ ಎರೆಹೊಲ, ಹಿಂಗಾರಿ ಜೋಳ, ನಡುನಡುವೆ ಕುಸುಬೆ. ಹೊಳೆಆಲೂರಿನ ಹತ್ತಿರ ಮಲಪ್ರಭೆ ಸಿಗುತ್ತದೆ. ಇಡೀ ದಿನ ನಾವು ನೋಡಿದ್ದೆಲ್ಲ ಈ ಹೊಳೆಯ ಆಸುಪಾಸಿನದೇ. ಬಾದಾಮಿ ಸ್ಟೇಷನ್ ಊರಿಂದ ಸ್ವಲ್ಪ ದೂರ. ಆಟೋದಲ್ಲಿ ಊರಿಗೆ ಬಂದು, ಇಡ್ಲಿ ತಿಂದು, ಓಣಿಗಳಲ್ಲಿ ನಡೆದುಕೊಂಡೇ ಕೆರೆಗೆ ಹೋದೆವು. ಮನೆಗಳ ಸಾಲು ಮುಗಿಯುತ್ತಿದ್ದ ಹಾಗೆ ಒಮ್ಮೆಲೇ ನೀರು, ಮೆಟ್ಟಿಲು, ಕೆಂಪು ಬಂಡೆ. ಮೆಟ್ಟಿಲ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಆ ಸದ್ದು ಗುಡ್ಡಕ್ಕೆ ಬಡಿದು ಇನ್ನೊಮ್ಮೆ ಕೇಳುತ್ತಿತ್ತು.

ಮ್ಯೂಸಿಯಂ ಟಿಕೆಟ್ 5 ರೂಪಾಯಿ. 15 ವರ್ಷದ ಒಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ನಡೆಸುವ ಮ್ಯೂಸಿಯಂ ಇದು. ಶುಕ್ರವಾರ ಬಾಗಿಲು ಹಾಕಿರುತ್ತಾರೆ, ಅದನ್ನು ನೋಡಿಕೊಂಡೇ ಹೊರಡಿ. ಮೂವರಿಗೂ ಸೇರಿ 10 ರೂಪಾಯಿ ಅಂದಾಗ ಅವ್ವ ಕೈಚೀಲದಿಂದ ತಾನೇ ದುಡ್ಡು ತೆಗೆದು ಕೊಟ್ಟಳು.

ಒಳಗೆ ಹೋದರೆ ಮೊದಲು ಮನಸ್ಸಿಗೆ ಬರುವುದು, ಎಲ್ಲವೂ ಕಣ್ಣಿನ ಮಟ್ಟಕ್ಕೇ ಇದೆ ಎನ್ನುವುದು. ಗುಹೆಗಳಲ್ಲಿ ನಾವು ಕತ್ತೆತ್ತಿ ನೋಡುತ್ತೇವೆ. ಬೆಳಕು ಒಂದೇ ಕಡೆಯಿಂದ ಬೀಳುತ್ತದೆ, ಹಿಂದೆ ಜನ ನೂಕುತ್ತಿರುತ್ತಾರೆ. ಇಲ್ಲಿ ಹಾಗಿಲ್ಲ. ರಾಮಾಯಣ, ಭಾರತ, ಭಾಗವತದ ಕಥೆಗಳನ್ನು ಕೆತ್ತಿದ ಕಲ್ಲಿನ ಪಟ್ಟಿಗಳ ಮುಂದೆ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು. ಅಕ್ಕನ ಮಗ ಒಂದೊಂದೇ ಗೊಂಬೆಯನ್ನು ಗುರುತು ಹಿಡಿಯುತ್ತ ಹೋದ. ಗೊತ್ತಾಗದ ಕಡೆ ಅವ್ವನನ್ನು ಕೇಳುತ್ತಿದ್ದ. ಅವ್ವ ಬಯಲಾಟ ನೋಡುತ್ತಲೇ ಬೆಳೆದವಳು, ಅವಳಿಗೆ ಬರಹದ ಫಲಕ ಬೇಕಾಗಲಿಲ್ಲ. ಯಾರು ಯಾರ ಮೇಲೆ ಬಾಣ ಬಿಡುತ್ತಿದ್ದಾರೆ ಅಂತ ಕಲ್ಲು ನೋಡಿಯೇ ಹೇಳುತ್ತಿದ್ದಳು.

ಈ ಮ್ಯೂಸಿಯಂನಲ್ಲಿ ನಾವು ಎಲ್ಲಕ್ಕಿಂತ ಜಾಸ್ತಿ ಹೊತ್ತು ನಿಂತದ್ದು ಲಜ್ಜಾಗೌರಿಯ ಮುಂದೆ. ನಾಗನಾಥಕೊಳ್ಳದ ಗುಡಿಯಿಂದ ತಂದ ಶಿಲ್ಪ, ಏಳನೇ ಶತಮಾನದ್ದು. ಪುಸ್ತಕಗಳಲ್ಲಿ ಚಿತ್ರ ನೋಡಿದ್ದೆ. ಎದುರಿಗೆ ನಿಂತಾಗ ಅದು ಬೇರೆಯೇ. ತಾಯಿ ಕಾಲುಗಳನ್ನು ಎರಡೂ ಬದಿಗೆ ಮಡಚಿ ಅಗಲಿಸಿದ್ದಾಳೆ, ಹೆರಿಗೆಗೆ ಕೂತ ಹಾಗೆ. ಎರಡೂ ಕೈಯಲ್ಲಿ ಕಮಲದ ಮೊಗ್ಗು. ಕಾಲಲ್ಲಿ ಕಡಗ, ಎದೆಯ ಮೇಲೆ ಹಾರ. ಕತ್ತಿನ ಮೇಲೆ ತಲೆ ಇಲ್ಲ. ತಲೆಯ ಜಾಗದಲ್ಲಿ ಪೂರ್ತಿ ಅರಳಿದ ಕಮಲ. ಹೊಟ್ಟೆಯ ಭಾಗವನ್ನು ಎಷ್ಟು ಮೆತ್ತಗೆ ಕೆತ್ತಿದ್ದಾನೆ ಅಂದರೆ ಅದು ಮರಳುಗಲ್ಲು ಅನ್ನುವುದೇ ಮರೆತುಹೋಗುತ್ತದೆ.

“ಮಾಮಾ, ತಲಿ ಮುರದೈತೇನು?” ಅಂತ ಹುಡುಗ ಕೇಳಿದ.

ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು: “ಮುರದಿಲ್ಲೋ. ಭೂಮಿತಾಯಿ ಆಕಿ. ಬೆಳಿ ಕೊಡಾಕಿ, ಮಕ್ಕಳನ್ನ ಕೊಡಾಕಿ. ಆಕೀಗೆ ಹೂವೇ ಮುಖ.”

ಚಪ್ಪಲಿಯನ್ನು ಬದಿಗೆ ಬಿಟ್ಟು ಅವ್ವ ಕೈ ಮುಗಿದಳು. ಮಕ್ಕಳಾಗಲಿ, ಬೆಳೆ ಬರಲಿ ಅಂತ ಬೇಡಿಕೊಳ್ಳುತ್ತಿದ್ದ ದೇವಿ ಇವಳು ಅಂತ ವಿದ್ವಾಂಸರೂ ಬರೆದಿದ್ದಾರೆ. ನನಗೆ ಖುಷಿಯಾದದ್ದು, ಅದನ್ನು ಓದದ ಅವ್ವ ಕಲ್ಲನ್ನು ಒಮ್ಮೆ ನೋಡಿ ಅದೇ ಮಾತು ಹೇಳಿದ್ದು. ಕಾವಲಿಗೆ ಇದ್ದವರು ಸುಮ್ನೆ ನೋಡುತ್ತ ನಿಂತಿದ್ದರು, ಏನೂ ಅನ್ನಲಿಲ್ಲ.

ಶಿಡ್ಲಫಡಿಯ ಮಾದರಿ ಹುಡುಗನ ಮನಸ್ಸಿಗೆ ಹಿಡಿಸಿತು. ಶಿಡ್ಲಫಡಿ ಬಾದಾಮಿಯ ಹತ್ತಿರದ ಕಾಡಿನಲ್ಲಿರುವ ದೊಡ್ಡ ಕಲ್ಲಾಸರೆ. ಬಂಡೆ ತಾನೇ ಕಮಾನಾಗಿ ನಿಂತಿದೆ. ಅದರ ಮೇಲೆ ಆದಿಮಾನವರು ಬಿಡಿಸಿದ ಚಿತ್ರಗಳಿವೆ. ಅಲ್ಲಿಗೆ ಬಿಸಿಲಲ್ಲಿ ಗುಡ್ಡ ಹತ್ತಿ ಹೋಗಬೇಕು, ಅವ್ವನಿಗೆ ಆಗುವುದಿಲ್ಲ. ಮ್ಯೂಸಿಯಂನಲ್ಲಿ ಅದನ್ನೇ ಮಾಡಿ ಇಟ್ಟಿದ್ದಾರೆ. ಚಾಲುಕ್ಯರು ಬರುವುದಕ್ಕೆ ಎಷ್ಟೋ ಸಾವಿರ ವರ್ಷ ಮೊದಲೇ ಇಲ್ಲಿ ಜನ ಇದ್ದರು ಅನ್ನುವುದು ಅವನಿಗೆ ಅಲ್ಲೇ ಹೊಳೆಯಿತು. “ಹಂಗಾದ್ರ ಪುಲಕೇಶಿ ಹೊಸಬ ಅಲ್ವಾ?” ಅಂದ. ಹೌದಲ್ಲ!

ಹೊರಗೆ ಬಂದರೆ ಪಕ್ಕದಲ್ಲೇ ಉತ್ತರ ಕೋಟೆಗೆ ಹೋಗುವ ದಾರಿ. ಅವ್ವನನ್ನು ನೆರಳಲ್ಲಿ ಕೂರಿಸಿ ನಾವಿಬ್ಬರು ಹತ್ತಿದೆವು. ಎರಡೂ ಕಡೆ ಎತ್ತರದ ಬಂಡೆ, ನಡುವೆ ಇಕ್ಕಟ್ಟಾದ ಸಂದು, ತಲೆಯ ಮೇಲೆ ಒಂದು ಗೀರು ಆಕಾಶ. ಕೈಯಲ್ಲಿ ತಿಂಡಿ ಪೊಟ್ಟಣ ಇಟ್ಟುಕೊಳ್ಳಬೇಡಿ, ಮಂಗಗಳು ಬಿಡುವುದಿಲ್ಲ. ಮೇಲಿನ ಶಿವಾಲಯದ ಬುಡದಲ್ಲೂ ರಾಮಾಯಣ, ಕೃಷ್ಣನ ಕಥೆಯ ಪಟ್ಟಿಗಳಿವೆ. ಬಿಸಿಲು, ಮಳೆಗೆ ಸವೆದಿವೆ. ಮೊದಲಾಗಿದ್ದರೆ ಹುಡುಗ ಅದರ ಪಕ್ಕದಲ್ಲೇ ಓಡಿಹೋಗುತ್ತಿದ್ದ. ಈಗ ಕೆಳಗೆ ಕೂತು, “ಇದು ಅಜ್ಜಿ ಹೇಳಿದ್ದು” ಅಂತ ಬೆರಳು ಮಾಡಿ ತೋರಿಸುತ್ತಿದ್ದ. ಮ್ಯೂಸಿಯಂ ಮೊದಲು ನೋಡಿ ಅಂತ ನಾನು ಹೇಳುವುದು ಇದಕ್ಕೇ. ಅಲ್ಲಿ ನೋಡಿದ ಕಣ್ಣಿಗೆ ಗುಡ್ಡದಲ್ಲಿ ಸವೆದು ಉಳಿದದ್ದೂ ಕಾಣುತ್ತದೆ. ಈ ಗುಡ್ಡದ ಬಂಡೆಯ ಮೇಲೇ ಒಂದನೇ ಪುಲಕೇಶಿ 543ರಲ್ಲಿ ಕೋಟೆ ಕಟ್ಟಿಸಿದ ಶಾಸನ ಇದೆ. ಕೆರೆಯ ದಂಡೆಗೆ ಮುಂದೆ ಹೋದರೆ, ಶಾಲೆಯಲ್ಲಿ ನಾವೆಲ್ಲ ಓದಿದ ಕಪ್ಪೆ ಅರಭಟ್ಟನ ತ್ರಿಪದಿಯೂ ಬಂಡೆಯ ಮೇಲೇ ಇದೆ.

ಗುಹೆಗಳಿಗೂ ಹೋದೆವು. ಮೂರನೇ ಗುಹೆಯಲ್ಲಿ 578ರ ಮಂಗಲೇಶನ ಶಾಸನ, ಶೇಷನ ಮೇಲೆ ಕೂತ ವಿಷ್ಣು. ಅದರ ಬಗ್ಗೆ ಬರೆದವರು ಬಹಳ ಜನ ಇದ್ದಾರೆ, ನಾನು ಬಿಡುತ್ತೇನೆ.

ಊಟಕ್ಕೆ ಒಂದು ಖಾನಾವಳಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೇಲೆ ಗಟ್ಟಿ ಮೊಸರು. ಮೂವರಿಗೂ ಹೊಟ್ಟೆ ತುಂಬಿತು. ಆಮೇಲೆ ಐಹೊಳೆ. ಬಾದಾಮಿಯಿಂದ ಪಟ್ಟದಕಲ್ಲಿನ ಮೇಲೆ ಹಾದು ಸುಮಾರು 35 ಕಿ.ಮೀ. ಬಸ್ಸುಗಳು ಕಡಿಮೆ, ಮೊದಲೇ ವಿಚಾರಿಸಿಕೊಳ್ಳಬೇಕು. ಅವ್ವ ಜೊತೆಗಿದ್ದಳಲ್ಲ, ನಾವು ಆಟೋ ಮಾತಾಡಿಕೊಂಡೆವು. ದಿನದ ದೊಡ್ಡ ಖರ್ಚು ಅದೊಂದೇ.

ಐಹೊಳೆಯಲ್ಲಿ ಮ್ಯೂಸಿಯಂ ಇರುವುದು ದುರ್ಗ ಗುಡಿಯ ಆವರಣದ ಒಳಗೇ. ಆವರಣಕ್ಕೆ 25 ರೂಪಾಯಿ, ಮ್ಯೂಸಿಯಂಗೆ ಮತ್ತೆ 5. ಅರ್ಧ ವೃತ್ತದ ಹಿಂಭಾಗ ಇರುವ ಆ ಗುಡಿಯ ಸುತ್ತ ಎಲ್ಲರೂ ಸುತ್ತುತ್ತಾರೆ, ಮ್ಯೂಸಿಯಂ ಬಾಗಿಲ ತನಕ ಬಂದು ಹಿಂದೆ ಹೋಗುವವರೇ ಹೆಚ್ಚು. ನನಗೆ ಅದು ಬೇಜಾರು. ಒಳಗೆ ಐಹೊಳೆ ಸುತ್ತಲಿನ ಮಲಪ್ರಭಾ ಕಣಿವೆಯ ಮಾದರಿ ಇದೆ. ಈ ಊರಿನಲ್ಲಿ ನೂರಕ್ಕೂ ಹೆಚ್ಚು ಗುಡಿಗಳು ಮನೆಗಳ ನಡುವೆ, ಹೊಲದ ಬದುವಿನಲ್ಲಿ ಹರಡಿಕೊಂಡಿವೆ. ಒಂದಾನೊಂದು ಕಾಲದಲ್ಲಿ ಗುಡಿಗಳಲ್ಲೇ ಜನ ಸಂಸಾರ ಮಾಡಿಕೊಂಡಿದ್ದರು. ಲಾಡಖಾನ್ ಗುಡಿಗೆ ಆ ಹೆಸರು ಬಂದದ್ದೇ ಅಲ್ಲಿ ವಾಸ ಇದ್ದವರಿಂದ. ಕೆಳಗೆ ನಿಂತು ನೋಡಿದರೆ ಯಾವುದು ಎಲ್ಲಿದೆ ತಿಳಿಯುವುದೇ ಇಲ್ಲ. ಮಾದರಿಯ ಮುಂದೆ ಹುಡುಗ ಮೊದಲು ಹೊಳೆ ಹುಡುಕಿದ, ಆಮೇಲೆ ಮೇಗುತಿ ಗುಡ್ಡ. “ಈಗ ಇಲ್ಲಿಗೆ ಹೋಗೋಣು” ಅಂದ.

ಹೋಗುವ ಮೊದಲು ಅಂಬಿಕಾ ಯಕ್ಷಿಯನ್ನು ನೋಡಿದೆವು. ಮೇಗುತಿಯ ಜೈನ ಗುಡಿಯಿಂದ ಕೆಳಗೆ ತಂದು ಇಲ್ಲಿ ಇಟ್ಟಿರುವ ಶಿಲ್ಪ. ಒಂದು ಕಾಲು ಮಡಚಿ ಆರಾಮವಾಗಿ ಕೂತಿದ್ದಾಳೆ, ಸುತ್ತ ಸೇವಕಿಯರು, ಕೆಳಗೆ ಸಿಂಹ. ಬೆಳಿಗ್ಗೆಯ ತಾಯಿಗೂ ಇವಳಿಗೂ ಎಷ್ಟು ವ್ಯತ್ಯಾಸ! ಅವಳು ಬರೀ ಶಕ್ತಿ, ಇವಳು ಮನೆಯ ಹಿರಿ ಹೆಣ್ಣುಮಗಳಂತೆ ನಿಶ್ಚಿಂತೆ. ಒಂದೇ ಹೊಳೆಯ ದಂಡೆ, ಒಂದೇ ಶತಮಾನ, ಬೇರೆ ಬೇರೆ ಮತದ ಇಬ್ಬರು ತಾಯಂದಿರು. ದೊಡ್ಡ ಊರಿನ ದೊಡ್ಡ ಮ್ಯೂಸಿಯಂನಲ್ಲಿ ಇವರಿಬ್ಬರನ್ನು ಇಟ್ಟಿದ್ದರೆ ನಾವು ನೋಡಿ ಮುಂದೆ ಹೋಗುತ್ತಿದ್ದೆವು. ಇಲ್ಲಿ ಕಿಟಕಿಯಾಚೆ ಕಾಣುವುದೂ ಅದೇ ಕಲ್ಲು, ಅವಳು ಇಳಿದು ಬಂದ ಗುಡ್ಡ ನಡೆಯುವಷ್ಟು ಹತ್ತಿರ. ಕಲ್ಲು ತನ್ನ ಊರಲ್ಲೇ ಉಳಿಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ವಿಜಯಪುರದ ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲಿ, ಕಮಲಾಪುರದಲ್ಲಿ, ಹಳೇಬೀಡಿನಲ್ಲಿ ಕೂಡ ಇಂಥವೇ ಮ್ಯೂಸಿಯಂಗಳಿವೆ. ಕಮಲಾಪುರದ ಅಂಗಳದಲ್ಲಿ ಇಡೀ ಹಂಪಿಯ ಮಾದರಿಯನ್ನೇ ಮಾಡಿದ್ದಾರೆ. ಹಂಪಿ ಸುತ್ತುವ ಮೊದಲು ಅದನ್ನು ನೋಡಿದರೆ ಕಾಲಿಗೂ ಸುಸ್ತು ಕಡಿಮೆ.

ಮೇಗುತಿ ಗುಡ್ಡಕ್ಕೆ ಅವ್ವನೂ ಬಂದಳು, ನಿಧಾನಕ್ಕೆ, ನನ್ನ ಕೈ ಹಿಡಿದು. 634ರಲ್ಲಿ ರವಿಕೀರ್ತಿ ಬರೆಸಿದ ಶಾಸನ ಅಲ್ಲಿನ ಗೋಡೆಯಲ್ಲಿದೆ. ಇಮ್ಮಡಿ ಪುಲಕೇಶಿ ಹರ್ಷನನ್ನು ತಡೆದದ್ದು ಅದರಲ್ಲಿ ಬರುತ್ತದೆ. ಕಾಳಿದಾಸ, ಭಾರವಿಯರ ಹೆಸರೂ ಬರುತ್ತದೆ. ಅಲ್ಲಿ ಒಂದು ಶಾಲೆಯ ಮಕ್ಕಳು ಮೇಷ್ಟ್ರ ಜೊತೆ ಬಂದಿದ್ದರು. ಅಕ್ಕನ ಮಗ ಅವರ ನಡುವೆ ಹೋಗಿ, “ಇಲ್ಲಿದ್ದ ದೇವಿ ಈಗ ಕೆಳಗ ಅದಾಳ” ಅಂತ ಹೇಳಿದ. ಒಬ್ಬ ಹುಡುಗಿ ಟಿಕೆಟ್ ಎಷ್ಟು ಅಂತ ಕೇಳಿದಳು.

“ನಮಗ ಪುಕ್ಕಟ.”

ಸಂಜೆ 5ಕ್ಕೆ ಬಾಗಿಲು ಹಾಕುತ್ತಾರೆ ಅಂತ ನಾನು ಹೇಳಿದೆ. ಮೇಷ್ಟ್ರು ಗಡಿಯಾರ ನೋಡಿಕೊಂಡು, ಬೇಗ ಬೇಗ ಇಳಿಯಿರಿ ಅಂತ ಮಕ್ಕಳನ್ನು ಹೊರಡಿಸಿದರು.